ಟ್ರಾಮು ನಿಂತಲ್ಲಿ ಬಯಾಸ್ಕೋಪು: ಮುಂಬಯಿಯ ಮೂಕಿ ಥಿಯೇಟರುಗಳು

ಮುಂಬಯಿಯ ಸಿನಿಮಾ ಚರಿತ್ರೆ ಹೇಳಹೊರಟವರು ಮೊದಲು ನಮ್ಮನ್ನು ಕಾಲಾಘೋಡಾದ ವಾಟ್ಸನ್ ಹೋಟೆಲಿನ ಎದುರು ನಿಲ್ಲಿಸುತ್ತಾರೆ. 1896ರ ಜುಲೈ 7ರ ಸಂಜೆ ಅಲ್ಲಿ ಲೂಮಿಯೇರ್ ಸಹೋದರರ ಪ್ರತಿನಿಧಿ ಮಾರಿಯಸ್ ಸೆಸ್ಟಿಯೆ ಆರು ತುಣುಕು ಚಿತ್ರಗಳನ್ನು ತೋರಿಸಿದ. ಆರು, ಏಳು, ಒಂಬತ್ತು, ಹತ್ತು ಗಂಟೆಗೆ ನಾಲ್ಕು ಆಟ, ತಲೆಗೆ ಒಂದು ರೂಪಾಯಿ. ಆತ ಆಸ್ಟ್ರೇಲಿಯಾಕ್ಕೆ ಹೊರಟಿದ್ದವನು, ಮುಂಬಯಿ ದಾರಿಯಲ್ಲಿ ಸಿಕ್ಕ ಬಂದರು. ದಿನವೆಲ್ಲ ದುಡಿದರೂ ಒಂದು ರೂಪಾಯಿ ಕಾಣದ ಜನರೇ ತುಂಬಿದ್ದ ಊರಿನಲ್ಲಿ ಆ ಆಟಗಳನ್ನು ನೋಡಿದವರು ಯಾರೆಂದು ಬಿಡಿಸಿ ಹೇಳಬೇಕಾಗಿಲ್ಲ.

ನನ್ನ ಮಟ್ಟಿಗೆ ಕಥೆ ಶುರುವಾಗುವುದು ಒಂದು ವಾರ ತಡವಾಗಿ, ನಾವೆಲ್ಟಿ ಥಿಯೇಟರಿನಲ್ಲಿ. ಜುಲೈ 14ರಿಂದ ಸೆಸ್ಟಿಯೆಯ ಆಟ ಅಲ್ಲಿಗೆ ಹೋಯಿತು. ಅದು ನಾಟಕದ ಮನೆ, ಅಲ್ಲಿ ಟಿಕೆಟ್ಟಿಗೂ ಮೆಟ್ಟಿಲುಗಳಿದ್ದವು. ನಾಲ್ಕಾಣೆಯಿಂದ ಎರಡು ರೂಪಾಯಿಯವರೆಗೆ ದರ, ಪರ್ದಾ ಹೆಂಗಸರಿಗೂ ಅವರ ಮನೆಯವರಿಗೂ ಬೇರೆ ಬಾಕ್ಸು, ಸೆಮೂರ್ ಡವ್ ಎಂಬಾತನ ಮೇಲುಸ್ತುವಾರಿಯಲ್ಲಿ ಸಂಗೀತ. ನಾಲ್ಕಾಣೆಯ ಸೀಟು, ಹೆಂಗಸರಿಗೆ ಜಾಗ, ಜೊತೆಗೆ ವಾದ್ಯ: ಮುಂದಿನ ಮೂವತ್ತೈದು ವರ್ಷ ಈ ಊರಿನ ಮೂಕಿ ಥಿಯೇಟರುಗಳು ನಡೆದದ್ದು ಈ ಮೂರನ್ನು ನೆಚ್ಚಿಕೊಂಡೇ. ನಾವೆಲ್ಟಿ ಇದ್ದ ಜಾಗದಲ್ಲಿ ಆಮೇಲೆ ಎಕ್ಸೆಲ್ಸಿಯರ್ ಬಂತು.

ಆಗಸ್ಟ್ ಮಧ್ಯದ ಹೊತ್ತಿಗೆ ಸೆಸ್ಟಿಯೆ ಗಂಟುಮೂಟೆ ಕಟ್ಟಿದ. ಸೆಪ್ಟೆಂಬರಿನಲ್ಲಿ ಮಾಂಡವಿಯಲ್ಲಿ ಪ್ಲೇಗು ಕಾಣಿಸಿಕೊಂಡಿತು. ಸಿನಿಮಾ ಚರಿತ್ರೆಯಲ್ಲಿ ಪ್ಲೇಗಿಗೇನು ಕೆಲಸ ಎನ್ನಬೇಡಿ. ಗಾಳಿ ಬೆಳಕಿಲ್ಲದ ಕೇರಿಗಳೇ ರೋಗಕ್ಕೆ ಮೂಲ ಎಂದು ತೀರ್ಮಾನಿಸಿ ಸರಕಾರ 1898ರಲ್ಲಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಕಟ್ಟಿತು. ಕಿಕ್ಕಿರಿದ ಕೇರಿಗಳನ್ನು ಸೀಳಿಕೊಂಡು ಸಮುದ್ರದ ಗಾಳಿ ಒಳಗೆ ಬರಲೆಂದು ಟ್ರಸ್ಟ್ ಅಗಲವಾದ ರಸ್ತೆಗಳನ್ನು ತೆಗೆಯಿತು. ಅವುಗಳಲ್ಲಿ ದೊಡ್ಡದು ಸ್ಯಾಂಡ್‌ಹರ್ಸ್ಟ್ ರೋಡ್, ಇವತ್ತಿನ ಸರ್ದಾರ್ ವಲ್ಲಭಭಾಯಿ ಪಟೇಲ್ ರಸ್ತೆ. ಕುದುರೆ ಎಳೆಯುತ್ತಿದ್ದ ಟ್ರಾಮಿಗೆ 1907ರಲ್ಲಿ ವಿದ್ಯುತ್ತು ಬಂತು. ಅಗಲ ರಸ್ತೆ, ಕರೆಂಟು, ರಾತ್ರಿ ಮನೆ ಮುಟ್ಟಿಸುವ ಟ್ರಾಮು ಇದ್ದರೆ ಥಿಯೇಟರು ಕಟ್ಟುವವನಿಗೆ ಇನ್ನೇನು ಬೇಕು? ಸಿನಿಮಾ ಕೋಟೆ ಪ್ರದೇಶದಿಂದ ಗಿರಗಾಂವ್, ಗ್ರಾಂಟ್ ರೋಡ್ ಕಡೆಗೆ ಸರಿದದ್ದು ಹೀಗೆ.

ಅದಕ್ಕೂ ಮೊದಲು ಮೈದಾನಗಳಲ್ಲಿ ಟೆಂಟಿನ ಕಾಲವೊಂದಿತ್ತು. ಅಬ್ದುಲ್ಲಾಲಿ ಇಸೂಫಾಲಿ ಎಂಬ ವ್ಯಾಪಾರಿ 1901ರಿಂದ ನೂರು ಅಡಿ ಉದ್ದ, ಐವತ್ತು ಅಡಿ ಅಗಲದ ಡೇರೆ ಹೊತ್ತುಕೊಂಡು ಪೂರ್ವ ದೇಶಗಳನ್ನೂ ಭಾರತವನ್ನೂ ಸುತ್ತಿದವರು. ನಾಲ್ಕು ಕಂಬದ ಆ ಡೇರೆಯಲ್ಲಿ ಸಾವಿರ ಜನ ಹಿಡಿಸುತ್ತಿದ್ದರು. 1914ರಲ್ಲಿ ಅವರು ಅರ್ದೇಶಿರ್ ಇರಾನಿಯವರ ಜೊತೆ ಪಾಲುದಾರರಾಗಿ ಅಲೆಕ್ಸಾಂಡ್ರಾ ಥಿಯೇಟರನ್ನು ವಹಿಸಿಕೊಂಡರು, ಮುಂದೆ ಮೆಜೆಸ್ಟಿಕ್ ಕಟ್ಟಿಸಿದರು. ಅತ್ತ, 1899ರಲ್ಲೇ ಹ್ಯಾಂಗಿಂಗ್ ಗಾರ್ಡನ್ನಿನಲ್ಲಿ ಕುಸ್ತಿಯನ್ನು ಕ್ಯಾಮೆರಾದಲ್ಲಿ ಹಿಡಿದಿದ್ದ ಸಾವೇ ದಾದಾ, ಅಂದರೆ ಭಾಟವಡೇಕರ್, ಬೋರಿಬಂದರಿನ ಎದುರಿನ ಗೇಯಟಿಯನ್ನು ನಡೆಸಿದರು. ಆ ಗೇಯಟಿಯೇ ಮುಂದೆ ಕ್ಯಾಪಿಟಲ್ ಆಯಿತು.

ಈ ಊರಿನ ಮೂಕಿ ಥಿಯೇಟರುಗಳಲ್ಲಿ ಒಂದನ್ನೇ ಆರಿಸು ಎಂದರೆ ನಾನು ಸ್ಯಾಂಡ್‌ಹರ್ಸ್ಟ್ ರೋಡಿನ ಕಾರೊನೇಶನ್ ಆರಿಸುತ್ತೇನೆ. ಪೂರ್ತಿ ಹೆಸರು ಕಾರೊನೇಶನ್ ಸಿನೆಮಟೋಗ್ರಾಫ್ ಅಂಡ್ ವೆರೈಟಿ ಹಾಲ್. 1912ರ ಮೇ 18ರಂದು ದಾದಾಸಾಹೇಬ ತೋರಣೆಯವರ ‘ಪುಂಡಲೀಕ’ ತೆರೆಕಂಡದ್ದು ಇಲ್ಲಿ. ಮರುವರ್ಷ ಮೇ 3ರಂದು ಫಾಲ್ಕೆಯವರ ‘ರಾಜಾ ಹರಿಶ್ಚಂದ್ರ’ ಬಂದದ್ದೂ ಇಲ್ಲಿಗೇ. ಏಪ್ರಿಲ್ 21ರಂದು ಆಹ್ವಾನಿತರಿಗಾಗಿ ಗ್ರಾಂಟ್ ರೋಡಿನ ಒಲಿಂಪಿಯಾದಲ್ಲಿ ಒಂದು ಪ್ರದರ್ಶನ ಆಗಿತ್ತು, ದುಡ್ಡು ಕೊಟ್ಟು ನೋಡುವವರಿಗೆ ಬಾಗಿಲು ತೆರೆದದ್ದು ಕಾರೊನೇಶನ್. ಫಾಲ್ಕೆಗೆ ಸಿನಿಮಾದ ಹುಚ್ಚು ಹಿಡಿದದ್ದೂ ಇದೇ ಗಿರಗಾಂವಿನಲ್ಲಿ, ಅಮೆರಿಕಾ ಇಂಡಿಯಾ ಪಿಕ್ಚರ್ ಪ್ಯಾಲೇಸಿನಲ್ಲಿ ಕ್ರಿಸ್ತನ ಜೀವನದ ಚಿತ್ರ ನೋಡಿದಾಗ.

ಆಗಿನ ಒಂದು ಆಟ ಎಂದರೆ ಹೇಗಿರುತ್ತಿತ್ತು? ‘ಹರಿಶ್ಚಂದ್ರ’ದ ಜಾಹೀರಾತಿನಲ್ಲಿ ಚಿತ್ರದ ಜೊತೆಗೆ ಐರೀನ್ ಡೆಲ್ಮಾರ್ ಎಂಬಾಕೆಯ ನೃತ್ಯ, ಮೆಕ್‌ಕ್ಲೆಮೆಂಟ್ಸ್ ಜೋಡಿಯ ನಗೆಯಾಟ, ಕಾಲಿನಲ್ಲಿ ಕೈಚಳಕ ತೋರಿಸುವ ಅಲೆಕ್ಸಾಂಡರ್, ‘ಟಿಪ್ ಟಾಪ್’ ಹಾಸ್ಯಚಿತ್ರಗಳೂ ಇದ್ದವು. ಸತ್ಯಕ್ಕಾಗಿ ಹೆಂಡತಿ ಮಕ್ಕಳನ್ನು ಮಾರಿದ ರಾಜನ ಕಥೆಗೆ ಇಂಥ ಪಕ್ಕವಾದ್ಯ! ಇದಕ್ಕೆ ಕಾರಣವೂ ಇತ್ತು. ಚಿತ್ರದ ಉದ್ದ 3,700 ಅಡಿ. ಸೆಕೆಂಡಿಗೆ ಸುಮಾರು ಹದಿನಾರು ಚೌಕಟ್ಟಿನಂತೆ ಕೈಯಲ್ಲಿ ಹಿಡಿಕೆ ತಿರುಗಿಸಿದರೆ ಒಂದು ಸೆಕೆಂಡಿಗೆ ಒಂದಡಿ ಫಿಲ್ಮು ಓಡುತ್ತದೆ. ಅಂದರೆ ಸಾವಿರ ಅಡಿಯ ಒಂದು ರೀಲು ಹದಿನಾರು ಹದಿನೇಳು ನಿಮಿಷದಲ್ಲಿ ಮುಗಿಯಿತು, ಇಡೀ ಚಿತ್ರ ಒಂದು ಗಂಟೆಯ ಆಸುಪಾಸು. ರಾತ್ರಿ ಆರು ಗಂಟೆ ನಾಟಕ ನೋಡಿ ರೂಢಿಯಾದ ಜನಕ್ಕೆ ಅದು ಯಾವ ಮೂಲೆಗೆ?

ಈ ತಕರಾರು ಫಾಲ್ಕೆಗೆ ಸೂರತ್ತಿನಲ್ಲಿ ಚೆನ್ನಾಗಿ ತಟ್ಟಿತು. ಮೊದಲ ದಿನದ ಗಲ್ಲಾಪೆಟ್ಟಿಗೆಯಲ್ಲಿ ಬಿದ್ದದ್ದು ಮೂರೇ ರೂಪಾಯಿ. ಆಗ ಅವರು ಜಾಹೀರಾತು ಬದಲಿಸಿದರು: 57,000 ಫೋಟೋಗಳು, ಎರಡು ಮೈಲಿ ಉದ್ದದ ಚಿತ್ರ, ಬರೀ ಮೂರಾಣೆಗೆ! ಅಡಿಗೆ ಹದಿನಾರು ಫೋಟೋ ಎಂದು ಭಾಗಿಸಿ ನೋಡಿ, 57,000ಕ್ಕೆ 3,560 ಅಡಿ ಚಿಲ್ಲರೆ ಬರುತ್ತದೆ. ಫೋಟೋಗಳ ಲೆಕ್ಕ ಸರಿಯಾಗಿಯೇ ಇದೆ, ಮೈಲಿಯ ಲೆಕ್ಕ ಮಾತ್ರ ಮೂರು ಪಾಲು ಉಬ್ಬಿದೆ. ಜನ ಮುಗಿಬಿದ್ದರು.

ಮೂಕಿ ಎಂದರೆ ನಿಶ್ಶಬ್ದ ಎಂದುಕೊಂಡರೆ ಕೆಟ್ಟೆವು. ಪರದೆಯ ಪಕ್ಕದಲ್ಲಿ ಹಾರ್ಮೋನಿಯಂ, ತಬಲಾ ಹಿಡಿದವರು ಕೂತಿರುತ್ತಿದ್ದರು, ಇಂಗ್ಲಿಷ್ ಚಿತ್ರದ ಮನೆಗಳಲ್ಲಿ ಪಿಯಾನೋ. ಮಾತಿನ ಫಲಕ ಎರಡು ಮೂರು ಭಾಷೆಗಳಲ್ಲಿ ಬರುತ್ತಿತ್ತು. ಓದು ಬಂದವನು ಗಟ್ಟಿಯಾಗಿ ಓದುತ್ತಿದ್ದ, ಬಾರದವರು ಅವನ ಬಾಯಿಗೆ ಕಿವಿಕೊಡುತ್ತಿದ್ದರು. 1917ರಲ್ಲಿ ವೆಸ್ಟ್ ಎಂಡ್ ಥಿಯೇಟರಿನಲ್ಲಿ ‘ಲಂಕಾದಹನ’ ಬಂದಾಗ ಬೆಳಿಗ್ಗೆ ಏಳರಿಂದ ನಡುರಾತ್ರಿಯವರೆಗೆ ಆಟಗಳಾದವು. ಪರದೆಯ ಮೇಲೆ ರಾಮ ಬಂದ ಕೂಡಲೇ ಜನ ಸಾಷ್ಟಾಂಗ ಬೀಳುತ್ತಿದ್ದರಂತೆ. ಆ ರಾಮನೂ ಸೀತೆಯೂ ಒಬ್ಬರೇ, ಅಣ್ಣಾ ಸಾಳುಂಕೆ ಎಂಬ ನಟ.

ನಮ್ಮವರು ಈ ಸಂಭ್ರಮದಿಂದ ದೂರವಿರಲಿಲ್ಲ. ಕೆನರಾ ಕಡೆಯಿಂದ ಕೆಲಸ ಹುಡುಕಿ ಬಂದ ಸಾರಸ್ವತರು 1915ರಲ್ಲಿ ಗಾಮದೇವಿಯಲ್ಲಿ ತಮ್ಮ ಸಹಕಾರಿ ವಸತಿ ಕಟ್ಟಿಕೊಂಡರು. ಅಲ್ಲಿಂದ ಗಿರಗಾಂವಿನ ಥಿಯೇಟರುಗಳು ನಡೆದೇ ಹೋಗುವಷ್ಟು ಹತ್ತಿರ. ಬೆಳಗಾವಿ, ಧಾರವಾಡ, ವಿಜಾಪುರ, ಉತ್ತರ ಕನ್ನಡ ಆಗ ಮುಂಬಯಿ ಪ್ರಾಂತಕ್ಕೇ ಸೇರಿದ್ದರಿಂದ ಅಲ್ಲಿನ ಸಿನಿಮಾದ ಕಾಯಿದೆ ಕಟ್ಟಳೆಯೂ ಮುಂಬಯಿಯದೇ. 1918ರ ಸಿನೆಮಟೋಗ್ರಾಫ್ ಕಾಯಿದೆಯ ನಂತರ 1920ರಲ್ಲಿ ಮುಂಬಯಿಯಲ್ಲಿ ಸೆನ್ಸಾರ್ ಮಂಡಳಿ ಬಂತು. ಬೆಂಕಿಯ ಭಯದಿಂದ ಥಿಯೇಟರಿಗೆ ಲೈಸೆನ್ಸೂ ಬೇಕಾಯಿತು. ಆಗಿನ ನೈಟ್ರೇಟ್ ಫಿಲ್ಮು ಕಿಡಿ ತಾಗಿದರೆ ಭಗ್ಗೆನ್ನುವಂಥದ್ದು, ಆ ಭಯ ಸುಳ್ಳಲ್ಲ. 1923ರಲ್ಲಿ ಮನರಂಜನಾ ತೆರಿಗೆಯೂ ಸೇರಿಕೊಂಡಿತು.

ಇಷ್ಟರಲ್ಲಿ ಗಿರಗಾಂವಿನ ಪಕ್ಕದ ರಾಯಲ್ ಆಪೆರಾ ಹೌಸಿನಲ್ಲೂ ಚಿತ್ರಗಳು ಶುರುವಾಗಿದ್ದವು. 1911ರಲ್ಲಿ ಕಟ್ಟಡ ಪೂರ್ತಿಯಾಗುವ ಮೊದಲೇ ಐದನೇ ಜಾರ್ಜ್ ದೊರೆ ಉದ್ಘಾಟಿಸಿದ ಮನೆ ಅದು. ಆಪೆರಾ ಹಾಡುವವರು ವರ್ಷವಿಡೀ ಎಲ್ಲಿ ಸಿಗಬೇಕು? ಬಾಡಿಗೆ ಹುಟ್ಟಬೇಕಲ್ಲ, ನಾಟಕದ ನಡುವೆ ಸಿನಿಮಾ ಒಳಗೆ ಬಂತು. ಫಾಕ್‌ಲ್ಯಾಂಡ್ ರೋಡಿನ ಪಾರ್ಸಿ ನಾಟಕದ ಮನೆಗಳೂ ಒಂದೊಂದಾಗಿ ಇದೇ ದಾರಿ ಹಿಡಿದವು.

1931ರ ಮಾರ್ಚ್ 14ರಂದು ಮೆಜೆಸ್ಟಿಕ್‌ನಲ್ಲಿ ಅರ್ದೇಶಿರ್ ಇರಾನಿಯವರ ‘ಆಲಂ ಆರಾ’ ಬಂದು ಮಾತಾಡಿತು. ಅವರ ಸ್ಟುಡಿಯೋ ರೈಲುಹಳಿಯ ಮಗ್ಗುಲಲ್ಲಿದ್ದುದರಿಂದ ರೈಲು ನಿಂತ ಮೇಲೆ, ರಾತ್ರಿ ಒಂದರಿಂದ ನಾಲ್ಕರವರೆಗೆ ಚಿತ್ರೀಕರಣ ಮಾಡಿದ್ದರಂತೆ. ನಾಲ್ಕಾಣೆಯ ಟಿಕೆಟ್ಟು ಬ್ಲ್ಯಾಕಿನಲ್ಲಿ ನಾಲ್ಕೈದು ರೂಪಾಯಿಗೆ ಹೋಯಿತು, ಜನರನ್ನು ತಡೆಯಲು ಪೊಲೀಸರು ಬರಬೇಕಾಯಿತು. ಪರದೆಯ ಪಕ್ಕದ ಹಾರ್ಮೋನಿಯಂನವನಿಗೆ ಕೆಲಸ ಹೋಯಿತು, ಹಾಡು ಬಲ್ಲವರಿಗೆ ಕೆಲಸ ಬಂತು. ಆಗಿನ ವಿಜಾಪುರ ಜಿಲ್ಲೆಯ ಬೀಳಗಿಯಿಂದ ಬಂದ ಅಮೀರಬಾಯಿ ಕರ್ನಾಟಕಿ ಮುಂಬಯಿಯಲ್ಲಿ ಹೆಸರು ಮಾಡಿದ್ದು ಈ ಬದಲಾವಣೆಯ ದೆಸೆಯಿಂದಲೇ. ಹತ್ತು ವರ್ಷ ಮೊದಲು ಬಂದಿದ್ದರೆ ಆ ಕಂಠ ಪರದೆಗೆ ಬೇಕೇ ಇರಲಿಲ್ಲ.

ಈಗ ಏನು ಉಳಿದಿದೆ? ಮೆಜೆಸ್ಟಿಕ್ ಇದ್ದಲ್ಲಿ ಮೆಜೆಸ್ಟಿಕ್ ಶಾಪಿಂಗ್ ಸೆಂಟರ್ ಇದೆ. ಕಾರೊನೇಶನ್ ಇಲ್ಲ, ಒಲಿಂಪಿಯಾ ಇಲ್ಲ. ‘ಆಲಂ ಆರಾ’ದ ಒಂದೇ ಒಂದು ಪ್ರತಿಯೂ ಉಳಿದಿಲ್ಲ. ಕಾಲಬಾದೇವಿಯ ಎಡ್ವರ್ಡ್ ಥಿಯೇಟರು, ಮುಪ್ಪಾದರೂ ಕಟ್ಟಡವಾಗಿ ನಿಂತಿದೆ. ವಾಟ್ಸನ್ ಹೋಟೆಲಿನ ಬಾಲ್ಕನಿ 2005ರಲ್ಲಿ ಕುಸಿಯಿತು, ಆಮೇಲೆ ಒಳಗಿದ್ದವರನ್ನೆಲ್ಲ ಖಾಲಿ ಮಾಡಿಸಿದರು. ಚೆನ್ನಾಗಿ ಬದುಕಿಕೊಂಡದ್ದು ಆಪೆರಾ ಹೌಸ್ ಒಂದೇ. 1993ರಲ್ಲಿ ಮುಚ್ಚಿದ್ದನ್ನು ಗೊಂಡಲ್ ರಾಜಮನೆತನದವರು ದುರಸ್ತಿ ಮಾಡಿಸಿ 2016ರ ಅಕ್ಟೋಬರಿನಲ್ಲಿ ಮತ್ತೆ ತೆರೆದರು.

ಪೆಡ್ಡರ್ ರೋಡಿನ ಗುಲ್ಷನ್ ಮಹಲಿನಲ್ಲಿ 2019ರಿಂದ ಭಾರತೀಯ ಸಿನಿಮಾದ ರಾಷ್ಟ್ರೀಯ ವಸ್ತುಸಂಗ್ರಹಾಲಯ ಇದೆ, ಪುಣೆಯಲ್ಲಿ ಫಿಲ್ಮ್ ಆರ್ಕೈವ್ ಇದೆ. ಗಿರಗಾಂವ್, ಗಾಮದೇವಿ, ಖೇತವಾಡಿಯ ಹಳೆಯ ಕನ್ನಡ ಮನೆಗಳ ಟ್ರಂಕುಗಳಲ್ಲಿ ಅಜ್ಜ ಅಜ್ಜಿಯರ ಕಾಲದ ಸಿನಿಮಾ ಹ್ಯಾಂಡ್‌ಬಿಲ್ಲೋ ಟಿಕೆಟ್ಟಿನ ತುಂಡೋ ಸಿಕ್ಕರೆ ರದ್ದಿಯವನಿಗೆ ಹಾಕಬೇಡಿ, ಈ ಎರಡರಲ್ಲಿ ಒಂದು ಕಡೆ ಕೊಡಿ.