ಅಮ್ಮನಿಲ್ಲದ ಮನೆಯಲ್ಲಿ ಅಪ್ಪ–ಮಗ

ಕನ್ನಡ ಸಿನಿಮಾ ಮಾತು ಕಲಿತ 1934ರಲ್ಲೇ ಅಪ್ಪನ ತೊಡೆ ಸಿಗದ ಮಗನೊಬ್ಬ ತೆರೆಗೆ ಬಂದ. ಆ ವರ್ಷ ಮೊದಲು ಬಿಡುಗಡೆಯಾದದ್ದು ‘ಸತಿ ಸುಲೋಚನ’. ಅದರ ಬೆನ್ನಿಗೇ ಬಂದದ್ದು ‘ಭಕ್ತ ಧ್ರುವ’. ಕಥೆ ಎಲ್ಲರಿಗೂ ಗೊತ್ತು: ತೊಡೆಯೇರಲು ಹೋದ ಹುಡುಗನನ್ನು ಮಲತಾಯಿ ಸುರುಚಿ ತಡೆಯುತ್ತಾಳೆ, ಉತ್ತಾನಪಾದ ರಾಜ ಸುಮ್ಮನಿರುತ್ತಾನೆ, ಹುಡುಗ ಅಳುತ್ತ ತಾಯಿ ಸುನೀತಿಯ ಬಳಿಗೆ ಓಡುತ್ತಾನೆ. ಅದಕ್ಕೂ ಎರಡು ವರ್ಷ ಮೊದಲು ಬಂದ ತೆಲುಗಿನ ಮೊದಲ ವಾಕ್ಚಿತ್ರ ‘ಭಕ್ತ ಪ್ರಹ್ಲಾದ’. ಅಲ್ಲಿಯೂ ಅಪ್ಪ–ಮಗನ ಜಗಳವೇ.

ಅಪ್ಪನ ಮೌನ, ಮಗನ ಹಟ, ಇಬ್ಬರ ನಡುವೆ ಓಡಾಡುವ ತಾಯಿ. ನಮ್ಮ ಚಿತ್ರಗಳು ಎಷ್ಟೋ ದಶಕ ಈ ಮೂವರನ್ನೇ ಇಟ್ಟುಕೊಂಡು ಕಥೆ ಹೇಳಿದವು. ಅಪ್ಪ ಮಗನಿಗೆ ಹೇಳಬೇಕಾದ್ದನ್ನು ಹೆಂಡತಿಗೆ ಹೇಳುತ್ತಾನೆ. ಮಗ ಅಪ್ಪನನ್ನು ಕೇಳಬೇಕಾದ್ದನ್ನು ಅಮ್ಮನನ್ನು ಕೇಳುತ್ತಾನೆ. ಆ ತಾಯಿಯನ್ನು ಪಕ್ಕಕ್ಕಿಟ್ಟು ಇಬ್ಬರು ಗಂಡಸರನ್ನು ಎದುರುಬದುರು ಕೂರಿಸುವ ಧೈರ್ಯ ಯಾವಾಗ ಬಂತೋ ಆಗ ಈ ಬಗೆಯ ಸಿನಿಮಾ ಪ್ರೌಢವಾಯಿತು ಎಂಬುದು ನನ್ನ ನಂಬಿಕೆ.

ಪೌರಾಣಿಕಗಳಲ್ಲಿ ಎಲ್ಲಕ್ಕಿಂತ ಗಟ್ಟಿಯಾದದ್ದು 1977ರಲ್ಲಿ ಹುಣಸೂರು ಕೃಷ್ಣಮೂರ್ತಿಯವರು ನಿರ್ದೇಶಿಸಿದ ‘ಬಭ್ರುವಾಹನ’. ಲಕ್ಷ್ಮೀಶನ ‘ಜೈಮಿನಿ ಭಾರತ’ವನ್ನು ಓದಿಸಿ ಕೇಳುತ್ತಿದ್ದ ಊರುಗಳಿಗೆ ಈ ಕಥೆ ಹೊಸದಲ್ಲ. ಅಶ್ವಮೇಧದ ಕುದುರೆಯನ್ನು ಕಟ್ಟಿಹಾಕಿದ ಮಣಿಪುರದ ತರುಣನಿಗೆ ಅದರ ಹಿಂದೆ ಬಂದವನು ತನ್ನ ತಂದೆಯೇ ಎಂದು ತಿಳಿಯುತ್ತದೆ. ಕಾಣಿಕೆ ಹಿಡಿದು ಕಾಲಿಗೆ ಬೀಳಲು ಹೋಗುತ್ತಾನೆ. ಅರ್ಜುನ ಅವನ ಹುಟ್ಟನ್ನೇ ಸಂಶಯಿಸಿ ಚಿತ್ರಾಂಗದೆಯನ್ನು ಹೀಯಾಳಿಸುತ್ತಾನೆ. ಎರಡೂ ಪಾತ್ರ ರಾಜ್‌ಕುಮಾರ್ ಅವರದ್ದೇ. ಇಬ್ಬರೂ ಹಾಡಿನಲ್ಲೇ ವಾಗ್ಯುದ್ಧಕ್ಕೆ ಇಳಿಯುವ ದೃಶ್ಯ ಇವತ್ತಿಗೂ ಊರ ಜಾತ್ರೆಗಳ ರಸಮಂಜರಿಯಲ್ಲಿ ಜನರನ್ನು ಹಿಡಿದಿಡುತ್ತದೆ. ಅಪ್ಪನ ಎದುರು ಮಗ ಇಷ್ಟು ದೀರ್ಘವಾಗಿ, ತಲೆಯೆತ್ತಿ ಮಾತಾಡಿದ್ದನ್ನು ಅಲ್ಲಿಯವರೆಗೆ ನಮ್ಮ ಪ್ರೇಕ್ಷಕರು ಕಂಡದ್ದು ಕಡಿಮೆ. ಆದರೂ ಗಮನಿಸಿ: ಮಗ ಬಿಲ್ಲು ಹಿಡಿದದ್ದು ತನಗಾದ ಅವಮಾನಕ್ಕಲ್ಲ, ತಾಯಿಗಾದ ಅವಮಾನಕ್ಕೆ. 1983ರ ‘ಭಕ್ತ ಪ್ರಹ್ಲಾದ’ದಲ್ಲಿ ರಾಜ್‌ಕುಮಾರ್ ಹಿರಣ್ಯಕಶಿಪುವಾದರು, ಪ್ರಹ್ಲಾದನಾದದ್ದು ಅವರ ಸ್ವಂತ ಮಗ, ಆಗ ಮಾಸ್ಟರ್ ಲೋಹಿತ್ ಎಂದು ಕರೆಸಿಕೊಳ್ಳುತ್ತಿದ್ದ ಪುನೀತ್.

ಸಾಮಾಜಿಕ ಚಿತ್ರಗಳಲ್ಲಿ ಜಗಳ ದೇವರಿಂದ ಮನೆಖರ್ಚಿಗೆ ಇಳಿಯಿತು. 1958ರ ‘ಸ್ಕೂಲ್ ಮಾಸ್ಟರ್’ನಲ್ಲಿ ಬಿ.ಆರ್. ಪಂತುಲು ಮೇಷ್ಟ್ರ ಪಾತ್ರವನ್ನೂ ನಿರ್ದೇಶನವನ್ನೂ ಹೊತ್ತರು. ಮುಪ್ಪಿನಲ್ಲಿ ಗಂಡ ಒಬ್ಬ ಮಗನ ಮನೆಗೆ, ಹೆಂಡತಿ ಇನ್ನೊಬ್ಬ ಮಗನ ಮನೆಗೆ ಹಂಚಿಹೋಗುತ್ತಾರೆ. ಕಡೆಗೆ ಕೈಹಿಡಿಯುವವನು ಹೆತ್ತ ಮಗನಲ್ಲ, ಹಳೆಯ ಶಿಷ್ಯ. ಪುಟ್ಟಣ್ಣ ಕಣಗಾಲರ ‘ನಾಗರಹಾವು’ (1972) ಚಿತ್ರದಲ್ಲಿಯೂ ರಾಮಾಚಾರಿಗೆ ನಿಜವಾದ ತಂದೆ ಚಾಮಯ್ಯ ಮೇಷ್ಟ್ರು. ಅಪ್ಪ–ಮಗನ ಬಿರುಕನ್ನು ಗುರು–ಶಿಷ್ಯರ ಪ್ರೀತಿಯಿಂದ ಮುಚ್ಚುವುದು ಆ ಕಾಲದ ಕನ್ನಡ ಚಿತ್ರಗಳು ಕಂಡುಕೊಂಡ ದಾರಿ. ಮನಸ್ಸಿಗೆ ಹಿತವಾದ ದಾರಿ. ಆದರೆ ಬಿರುಕು ಇದ್ದಲ್ಲೇ ಉಳಿಯಿತು.

ಹಿಂದಿಯಲ್ಲಿ ‘ಆವಾರಾ’ (1951) ಪೃಥ್ವಿರಾಜ್ ಕಪೂರ್ ಮತ್ತು ರಾಜ್ ಕಪೂರ್ ಎಂಬ ನಿಜದ ಅಪ್ಪ–ಮಗನನ್ನು ನ್ಯಾಯಾಧೀಶ ಮತ್ತು ಆರೋಪಿಯಾಗಿ ನಿಲ್ಲಿಸಿತು. ‘ಮೊಘಲ್–ಎ–ಆಜಮ್’ (1960) ಅದೇ ಪೃಥ್ವಿರಾಜರನ್ನು ಅಕ್ಬರನಾಗಿಸಿ, ಸಲೀಮನ ಎದುರು ಸೈನ್ಯವನ್ನೇ ತಂದಿತು. ಇವೆಲ್ಲಕ್ಕಿಂತ ನನ್ನನ್ನು ಅಲುಗಾಡಿಸಿದ್ದು ರಮೇಶ್ ಸಿಪ್ಪಿಯವರ ‘ಶಕ್ತಿ’ (1982). ಅಪಹರಣಕಾರರು ಹುಡುಗನನ್ನು ಹಿಡಿದಿಟ್ಟುಕೊಂಡು ತಮ್ಮವನನ್ನು ಬಿಡಬೇಕೆಂದು ಕೇಳುತ್ತಾರೆ. ಪೊಲೀಸ್ ಅಧಿಕಾರಿಯಾದ ಅಪ್ಪ ಒಪ್ಪುವುದಿಲ್ಲ. ಆ ಮಾತು ಮಗನ ಕಿವಿಗೆ ಬೀಳುತ್ತದೆ. ಅಲ್ಲಿಂದ ಮುಂದಿನದೆಲ್ಲ ಆ ಒಂದು ಕ್ಷಣದ ಫಲ. ಅಪ್ಪ ತಪ್ಪು ಮಾಡಲಿಲ್ಲ, ಮಗ ಸುಳ್ಳು ಹೇಳುತ್ತಿಲ್ಲ. ಇಬ್ಬರ ನೋವೂ ನಿಜ. ತಾಯಿ ರಾಖಿ ಸತ್ತಾಗ, ಸೆರೆಯಲ್ಲಿದ್ದ ಅಮಿತಾಭ್ ಬಂದು ಮೂಲೆಯಲ್ಲಿ ಕುಸಿದು ಕೂತ ದಿಲೀಪ್ ಕುಮಾರ್ ಪಕ್ಕದಲ್ಲಿ ಕೂತು ಕೈಹಿಡಿಯುತ್ತಾರೆ. ಮಾತೇ ಇಲ್ಲ. ಮಾತು ದಾಟಿಸುತ್ತಿದ್ದವಳು ನೆಲದ ಮೇಲೆ ಮಲಗಿದ್ದಾಳೆ. ಈ ಪರಂಪರೆಯ ಅತ್ಯುತ್ತಮ ದೃಶ್ಯ ಯಾವುದೆಂದು ಕೇಳಿದರೆ ನಾನು ಇದನ್ನೇ ಹೇಳುತ್ತೇನೆ.

ಆಮೇಲೆ ಬಂದ ಕನ್ನಡದ ‘ಸೂರ್ಯವಂಶ’ (1999) ತಮಿಳಿನಿಂದ ತಂದ ಕಥೆ. ವಿಷ್ಣುವರ್ಧನ್ ಅಪ್ಪನೂ ಹೌದು, ಮಗನೂ ಹೌದು. ದ್ವಿಪಾತ್ರಕ್ಕೆ ಒಂದು ಅನುಕೂಲವಿದೆ: ಎರಡೂ ಮುಖ ಒಂದೇ ಆದ್ದರಿಂದ ಇವರು ಒಂದಾಗಿಯೇ ತೀರುತ್ತಾರೆಂದು ಪ್ರೇಕ್ಷಕನಿಗೆ ಮೊದಲೇ ಭರವಸೆ ಸಿಗುತ್ತದೆ. ಮೊಮ್ಮಗ ಬಂದು ಗಂಟು ಬಿಡಿಸುತ್ತಾನೆ. ಮನೆಮಂದಿಯೆಲ್ಲ ಕೂತು ನೋಡುವ ಚಿತ್ರವೆಂಬುದು ಸರಿಯೇ, ಆದರೆ ಅಲ್ಲಿನ ಮುನಿಸು ಒಂದು ತಪ್ಪು ತಿಳಿವಳಿಕೆಯ ಮಟ್ಟ ಮೀರುವುದಿಲ್ಲ.

ಮುನಿಸು ಸಾವಿನವರೆಗೂ ಆರದೆ ಉಳಿದ ನಿಜದ ಕಥೆಯನ್ನು 2007ರಲ್ಲಿ ಫಿರೋಜ್ ಅಬ್ಬಾಸ್ ಖಾನ್ ‘ಗಾಂಧಿ, ಮೈ ಫಾದರ್’ ಎಂದು ತೆರೆಗೆ ತಂದರು. ರೈಲ್ವೆ ನಿಲ್ದಾಣದಲ್ಲಿ ಗಾಂಧೀಜಿಯ ಮಗ ಹರಿಲಾಲ ಕಿತ್ತಳೆ ಹಣ್ಣು ತಂದು ತಾಯಿ ಕಸ್ತೂರಬಾ ಕೈಗಿಡುವ ಪ್ರಸಂಗ ಗಾಂಧಿ ಕುಟುಂಬದ ಕಥನಗಳಲ್ಲಿ ಪ್ರಸಿದ್ಧ. ಅದು ಬಾಗೆ ಮಾತ್ರ, ಬಾಪುವಿಗಲ್ಲ. ಕಸ್ತೂರಬಾ 1944ರಲ್ಲಿ ತೀರಿಕೊಂಡರು. ಗಾಂಧೀಜಿಯ ಹತ್ಯೆಯಾಗಿ ಐದು ತಿಂಗಳು ಕಳೆಯುವ ಮೊದಲೇ ಹರಿಲಾಲನೂ ಮುಂಬೈಯಲ್ಲಿ ಸತ್ತ. ಯಾರನ್ನೂ ಖಳನಾಗಿಸದೆ ಇದನ್ನು ಹೇಳಿದ್ದು ಆ ಚಿತ್ರದ ದೊಡ್ಡತನ. ನಮ್ಮ ಗಿರೀಶ ಕಾಸರವಳ್ಳಿಯವರು ‘ಕೂರ್ಮಾವತಾರ’ದಲ್ಲಿ ಗಾಂಧಿ ಪಾತ್ರ ಮಾಡುವ ಒಬ್ಬ ಸರ್ಕಾರಿ ಗುಮಾಸ್ತನನ್ನೂ ಅವನ ಮನೆಯನ್ನೂ ಇಟ್ಟುಕೊಂಡು ಇದೇ ಪ್ರಶ್ನೆಯನ್ನು ಬೇರೆ ಕೋನದಿಂದ ಮುಟ್ಟಿದರು. ಅದಕ್ಕೂ ಮೊದಲಿನ ‘ದ್ವೀಪ’ದಲ್ಲಿ (2002) ಮುಳುಗುವ ಊರು ಬಿಡಲೊಲ್ಲದ ದುಗ್ಗಜ್ಜ ಮತ್ತು ಮಗ ಗಣಪನ ನಡುವಿನ ಸೇತುವೆ ಸೊಸೆ ನಾಗಿ.

ರಾಜಿ ಕಡ್ಡಾಯವಲ್ಲ ಎಂದು ನೇರವಾಗಿ ಹೇಳಿದ್ದು ವಿಕ್ರಮಾದಿತ್ಯ ಮೋಟ್ವಾನೆಯವರ ‘ಉಡಾನ್’ (2010). ತನ್ನನ್ನು ‘ಸರ್’ ಎಂದು ಕರೆಸಿಕೊಳ್ಳುವ ಅಪ್ಪ, ಜಮ್ಷೆಡ್‌ಪುರದ ತಾಯಿಯಿಲ್ಲದ ಮನೆ. ಕೊನೆಗೆ ಹುಡುಗ ತಮ್ಮನ ಕೈಹಿಡಿದು ಹೊರಟೇಹೋಗುತ್ತಾನೆ. ಹೊಡೆಯುವ ಅಪ್ಪನನ್ನು ಕ್ಷಮಿಸಬೇಕಾದ ಋಣ ಮಗನಿಗಿಲ್ಲ ಎಂಬ ಮಾತು ನಮ್ಮ ಸಿನಿಮಾಗೆ ಬೇಕಿತ್ತು.

ಕನ್ನಡದಲ್ಲಿ ಈ ಪ್ರೌಢತೆ 2016ರಲ್ಲಿ ಎರಡು ಚಿತ್ರಗಳಾಗಿ ಚಿತ್ರಮಂದಿರಕ್ಕೆ ಬಂತು. ರಾಮ್ ರೆಡ್ಡಿಯವರ ‘ತಿಥಿ’ ಹಿಂದಿನ ವರ್ಷವೇ ಲೊಕಾರ್ನೊ ಚಿತ್ರೋತ್ಸವದಲ್ಲಿ ಗೆದ್ದು ಬಂದಿತ್ತು. ಮಂಡ್ಯ ಸೀಮೆಯ ನೊದೆಕೊಪ್ಪಲು, ಅಲ್ಲಿನ ಜನರೇ ನಟರು. ನೂರೊಂದು ವರ್ಷ ಬದುಕಿದ ಸೆಂಚುರಿ ಗೌಡ ಸಾಯುತ್ತಾನೆ. ಅವನ ಮಗ ಗಡ್ಡಪ್ಪನಿಗೆ ಜಮೀನೂ ಬೇಡ, ಮನೆಯೂ ಬೇಡ. ಬ್ರಾಂದಿ ಬಾಟಲಿ ಹಿಡಿದು ಹೊಲದ ಬದುವಿನಲ್ಲಿ ಅಲೆಯುತ್ತಾನೆ. ಗಡ್ಡಪ್ಪನ ಮಗ ತಮ್ಮಣ್ಣ ಜಮೀನು ಮಾರಲು ಬದುಕಿರುವ ಅಪ್ಪನ ಹೆಸರಲ್ಲಿ ಮರಣ ಪ್ರಮಾಣಪತ್ರ ಮಾಡಿಸಿ, ಅವನನ್ನು ಬಸ್ಸು ಹತ್ತಿಸುತ್ತಾನೆ. ಯಾರೂ ಕಿರುಚುವುದಿಲ್ಲ. ಗಡ್ಡಪ್ಪ ತನ್ನ ಅಪ್ಪನಿಂದ ತನಗಾದ ದ್ರೋಹವನ್ನು ಹೇಳಿಕೊಳ್ಳುವುದು ಸ್ವಂತ ಮಗನ ಹತ್ತಿರವಲ್ಲ, ದಾರಿಯಲ್ಲಿ ಸಿಕ್ಕ ಕುರಿಗಾಹಿಗಳ ಹತ್ತಿರ. ಅಪ್ಪ–ಮಗ ದೂರವಾಗುವುದು ಒಂದು ದಿನದ ಜಗಳದಿಂದಲ್ಲ, ಹೇಳದೆ ಉಳಿದ ಮಾತು ತಲೆಮಾರು ದಾಟುವುದರಿಂದ ಎಂಬುದನ್ನು ಇಷ್ಟು ಹಗುರವಾಗಿ, ಇಷ್ಟು ಆಳವಾಗಿ ಹೇಳಿದ ಚಿತ್ರ ಇನ್ನೊಂದಿಲ್ಲ.

ಹೇಮಂತ್ ಎಂ. ರಾವ್ ಅವರ ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’ ಬೆಂಗಳೂರಿನ ಮಧ್ಯಮವರ್ಗದ ಕಥೆ. ಕಾಣೆಯಾದವರ ಪ್ರಕಟಣೆಯ ಒಣ ಮಾತೇ ಅದರ ಶೀರ್ಷಿಕೆ. ಮರೆವಿನ ಕಾಯಿಲೆಯ ವೆಂಕೋಬರಾಯರನ್ನು ಆರೈಕೆ ಕೇಂದ್ರದಲ್ಲಿಟ್ಟು ಮಗ ಶಿವ ಮುಂಬೈಯಲ್ಲಿ ದುಡಿಯುತ್ತಿದ್ದಾನೆ. ತಾಯಿ ತೀರಿಕೊಂಡ ಮೇಲೆ ಇಬ್ಬರ ನಡುವೆ ಆಡಲು ಮಾತಿಲ್ಲ. ಅಪ್ಪ ಕಳೆದುಹೋದ ಮೇಲೆ ಹುಡುಕಲು ಹೊರಟ ಮಗನಿಗೆ ಅಪ್ಪನ ಗುರುತು ಹೇಳಲು ಬಣ್ಣ, ಎತ್ತರ ಬಿಟ್ಟು ಇನ್ನೇನೂ ತೋಚುವುದಿಲ್ಲ. ಅಪ್ಪ ಎಂಥ ಮನುಷ್ಯ ಎಂದು ಅವನಿಗೆ ತಿಳಿಸುವವರು ಹೊರಗಿನವರು. ಅನಂತ್ ನಾಗ್ ಕಣ್ಣಲ್ಲೇ ನಟಿಸಿದ್ದಾರೆ. ಗೂಂಡಾಗಳ ಉಪಕಥೆ ಚಿತ್ರಕ್ಕೆ ಭಾರವಾಯಿತು ಎನಿಸಿದರೂ ಅನಂತ್ ನಾಗ್ ಅವರಿಂದಾಗಿ ಅದು ಉಳಿಯುತ್ತದೆ. ಹಿಂದೆಲ್ಲ ಮಗ ಅಪ್ಪನ ಕ್ಷಮೆ ಕೇಳಲು ಬರುತ್ತಿದ್ದ. ಇಲ್ಲಿ ಅಪ್ಪನನ್ನು ಅರಿಯಲು ಹೊರಡುತ್ತಾನೆ. ಎಂಬತ್ತು ವರ್ಷಗಳ ಹಾದಿಯಲ್ಲಿ ಇದು ದೊಡ್ಡ ಹೆಜ್ಜೆ.

ಇನ್ನೊಂದು ಹೆಜ್ಜೆ ಬಾಕಿ ಇದೆ. ಸತ್ಯಜಿತ್ ರಾಯ್ ಅದನ್ನು 1959ರಲ್ಲೇ ‘ಅಪುರ್ ಸಂಸಾರ್’ನಲ್ಲಿ ಇಟ್ಟಿದ್ದರು. ಹೆರಿಗೆಯಲ್ಲಿ ಹೆಂಡತಿ ಸತ್ತಳೆಂದು ಮಗುವಿನ ಮುಖವನ್ನೇ ನೋಡದೆ ಹೋದ ಅಪು, ವರ್ಷಗಳ ನಂತರ ಮಗ ಕಾಜಲನನ್ನು ಹುಡುಕಿಕೊಂಡು ಬರುತ್ತಾನೆ. ಹುಡುಗ ಕಲ್ಲು ಬೀರುತ್ತಾನೆ, ಅಪ್ಪನೆಂದು ಒಪ್ಪುವುದಿಲ್ಲ. ಅಪು ಅಧಿಕಾರ ಚಲಾಯಿಸುವುದಿಲ್ಲ. ಗೆಳೆಯನಾಗಿ ಜೊತೆಗೆ ಬಾ ಎನ್ನುತ್ತಾನೆ. ತಪ್ಪು ತನ್ನದೆಂದು ಒಪ್ಪಿ, ಮಗನ ಬಾಗಿಲಿಗೆ ತಾನೇ ಮೊದಲು ಹೋಗುವ ಇಂಥ ಅಪ್ಪನನ್ನು ನಮ್ಮ ಕಥೆಗಾರರೂ ನಿರ್ದೇಶಕರೂ ಇನ್ನಾದರೂ ಕನ್ನಡದ ತೆರೆಗೆ ತರಬೇಕು.