ನಂದಿಬೆಟ್ಟಕ್ಕೆ ಮುಂಚೆ ಅಲ್ಲಾಳಸಂದ್ರ

ಭಾನುವಾರ ಬೆಳಗಿನ ಜಾವ ಬಳ್ಳಾರಿ ರಸ್ತೆಯಲ್ಲಿ ನಂದಿಬೆಟ್ಟಕ್ಕೆ ಓಡುವ ಬೈಕು, ಕಾರುಗಳಿಗೆ ಲೆಕ್ಕವಿಲ್ಲ. ಹೆಬ್ಬಾಳ ದಾಟಿದರೆ ಸಾಕು, ಎಲ್ಲರಿಗೂ ಬೆಟ್ಟದ್ದೇ ಧ್ಯಾನ. ಯಲಹಂಕ ಇನ್ನೇನು ಬಂತು ಎನ್ನುವಾಗ ಅಲ್ಲಾಳಸಂದ್ರ ಬರುತ್ತದೆ. ವಿಮಾನ ನಿಲ್ದಾಣದ ಹೆದ್ದಾರಿಯ ವೇಗಕ್ಕೆ ಅದು ಕಾಣುವುದೇ ಇಲ್ಲ. ಹಳ್ಳಿಗಾಡನ್ನು ನೋಡಬೇಕೆಂದು ಹೊರಟವರು ಇಲ್ಲೇ ಇಳಿದುಬಿಟ್ಟರೆ ಒಂದು ದಿನ ಸಾಲದು ಎಂಬುದು ನನ್ನ ಗಟ್ಟಿ ನಂಬಿಕೆ. ಮಾಗಿಯ ಚಳಿಯಲ್ಲಿ ಬಂದರಂತೂ ಇನ್ನೂ ಒಳ್ಳೆಯದು. ಅದಕ್ಕೆ ಕಾರಣ ಅವರೆಕಾಯಿ, ಆ ಮಾತು ಆಮೇಲೆ.

ಸಂದ್ರವೆಂದರೆ ಸಮುದ್ರ. ಹೊಳೆಯ ಆಸರೆಯಿಲ್ಲದ ಈ ಎತ್ತರದ ನೆಲದಲ್ಲಿ ಜನ ತಾವೇ ಕಟ್ಟಿಕೊಂಡ ಕೆರೆಗಳನ್ನು ಹಾಗೆ ಕರೆದರು. ಅಲ್ಲಾಳ ಎನ್ನುವುದು ಕಂಚಿಯ ವರದರಾಜನಿಗಿದ್ದ ಹಳೆಯ ಹೆಸರು. ಇದು ಯಲಹಂಕ ನಾಡಪ್ರಭುಗಳ ಸೀಮೆ. 1537ರಲ್ಲಿ ಬೆಂಗಳೂರಿನ ಕೋಟೆ ಕಟ್ಟಿಸಿದ ಕೆಂಪೇಗೌಡರ ಮನೆತನದ ನೆಲ. ಆದರೂ ಊರ ಚರಿತ್ರೆ ಕೈಗೆ ಸಿಗಬೇಕಾದರೆ ನೀರಿನ ಜಾಡು ಹಿಡಿದು ನಡೆಯಬೇಕು.

ಹೊತ್ತು ಮೂಡುವ ಮುಂಚೆ ಅಲ್ಲಾಳಸಂದ್ರ ಕೆರೆಗೆ ಬನ್ನಿ. ಸುಮಾರು 41 ಎಕರೆಯ ಕೆರೆ, ಸುತ್ತ ನಡೆದಾಡುವ ದಾರಿ. ನಾಮದ ಕೋಳಿಗಳು ನೀರಲ್ಲಿ ಗೆರೆ ಎಳೆಯುತ್ತಿರುತ್ತವೆ, ನೀರುಕಾಗೆ ರೆಕ್ಕೆ ಬಿಚ್ಚಿ ಒಣಗಿಸಿಕೊಳ್ಳುತ್ತಿರುತ್ತದೆ. ಹಕ್ಕಿ ನೋಡಿದ ಮೇಲೆ ಕೆರೆ ಕಟ್ಟಿದ ಬಗೆಯನ್ನೂ ನೋಡಬೇಕು. ನನ್ನ ಮಟ್ಟಿಗೆ ಈ ಸೀಮೆಯ ದೊಡ್ಡ ಕಲೆ ಅದೇ. ಇಳಿಜಾರಿಗೆ ಅಡ್ಡವಾಗಿ ಮಣ್ಣಿನ ಏರಿ, ಗದ್ದೆಗೆ ಬೇಕಾದಾಗ ನೀರು ಬಿಡಲು ತೂಬು, ತುಂಬಿ ಹೆಚ್ಚಾದದ್ದು ಹರಿದುಹೋಗಲು ಕೋಡಿ. ಮೇಲಿನ ಕೆರೆಯ ಕೋಡಿ ನೀರೇ ಕೆಳಗಿನ ಕೆರೆಗೆ ಒಳಹರಿವು. ಅಚ್ಚುಕಟ್ಟಿನಲ್ಲಿ ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎನ್ನುವುದು ನೀರುಗಂಟಿಯ ಜವಾಬ್ದಾರಿಯಾಗಿತ್ತು. ಇಂಥ ಕೆರೆ ಕಟ್ಟುವುದಕ್ಕೆ ನೆಲದ ಏರುತಗ್ಗು ಕಣ್ಣಳತೆಯಲ್ಲೇ ತಿಳಿಯಬೇಕು, ಊರೂರ ನಡುವೆ ಒಪ್ಪಂದವೂ ಇರಬೇಕು. ಆಮೇಲೆ ನಗರ ಇತ್ತಲೂ ಹಬ್ಬಿತು; ಯಲಹಂಕ ನಗರಸಭೆ ಬೆಂಗಳೂರು ಮಹಾನಗರಕ್ಕೆ ಸೇರಿದ್ದು 2007ರಲ್ಲಿ. ಇವತ್ತು ಅಚ್ಚುಕಟ್ಟಿನಲ್ಲಿ ಬೆಳೆಯಿಲ್ಲ, ಬಡಾವಣೆಗಳಿವೆ. ನೀರಿಗೆ ಮಾತ್ರ ಹಳೆಯ ದಾರಿಯೇ ಗೊತ್ತು; ದೊಡ್ಡ ಮಳೆ ಬಂದಾಗ ಅದು ಆ ದಾರಿಯಲ್ಲೇ ಹರಿಯುತ್ತದೆ.

ಆ ದಾರಿ ಪೂರ್ವಕ್ಕೆ, ಜಕ್ಕೂರು ಕೆರೆಗೆ. 160 ಎಕರೆಯಷ್ಟು ವಿಸ್ತಾರ. ಯಲಹಂಕದ ಕೊಳಚೆ ನೀರು ಶುದ್ಧೀಕರಣ ಘಟಕದಲ್ಲಿ ಹಾದು, ಜೊಂಡು ಬೆಳೆದ ಜೌಗಿನಲ್ಲಿ ಮತ್ತೊಮ್ಮೆ ಸೋಸಿಕೊಂಡು ಕೆರೆ ಸೇರುತ್ತದೆ. ಹಾಗಾಗಿ ಬೇಸಿಗೆಯಲ್ಲೂ ಇಲ್ಲಿ ನೀರಿರುತ್ತದೆ. ಮೀನು ಹಿಡಿಯುವವರ ತೆಪ್ಪಗಳು, ದನಕ್ಕೆ ಹುಲ್ಲು ಕೊಯ್ಯುವವರು, ಹೆಜ್ಜಾರ್ಲೆಗಳ ಹಿಂಡು ಎಲ್ಲಕ್ಕೂ ಇಲ್ಲಿ ಜಾಗವಿದೆ. ತಲೆಯ ಮೇಲೆ 1948ರಿಂದಲೂ ಇಲ್ಲಿರುವ ಸರ್ಕಾರಿ ವೈಮಾನಿಕ ಶಾಲೆಯ ಪುಟ್ಟ ವಿಮಾನಗಳು. ಇಲ್ಲಿಂದ ನೀರು ರಾಚೇನಹಳ್ಳಿ ಕೆರೆ ಹಾದು ಕೊನೆಗೆ ದಕ್ಷಿಣ ಪಿನಾಕಿನಿ ಸೇರಿ, ಕಡಲೂರಿನ ಬಳಿ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಸಂದ್ರದ ನೀರಿಗೆ ನಿಜವಾದ ಸಮುದ್ರವೂ ಸಿಗುತ್ತದೆ.

ಕಲ್ಲಿನ ಕಲೆ ನೋಡುವ ಆಸೆಯಿದ್ದರೆ ಹೆಬ್ಬಾಳಕ್ಕೆ ಒಂದು ಸುತ್ತು ಹೋಗಿ ಬರಬಹುದು. 2018ರಲ್ಲಿ ಅಲ್ಲಿನ ಹಳೇ ಊರಿನಲ್ಲಿ ಬೆಳಕಿಗೆ ಬಂದ ಕಿತ್ತಯ್ಯನ ವೀರಗಲ್ಲು ಗಂಗ ದೊರೆ ಶ್ರೀಪುರುಷನ ಕಾಲದ್ದು, ಸುಮಾರು ಕ್ರಿ.ಶ. 750. ಬೆಂಗಳೂರಿನಲ್ಲಿ ಸಿಕ್ಕ ಕನ್ನಡ ಶಾಸನಗಳಲ್ಲೇ ಹಳೆಯದು. ನಾಡಿಗಾಗಿ ಹೋರಾಡಿ ಸತ್ತವನೊಬ್ಬನ ಹೆಸರು ಸಾವಿರದ ಇನ್ನೂರು ವರ್ಷಕ್ಕೂ ಮೀರಿ ಉಳಿದಿದೆ. ಅದನ್ನು ಉಳಿಸಿಕೊಳ್ಳಲು ಆಸಕ್ತರೂ ಊರಿನವರೂ ಪಟ್ಟ ಶ್ರಮ ದೊಡ್ಡದು.

ಮಧ್ಯಾಹ್ನಕ್ಕೆ ಮುಂಚೆ ಜಿಕೆವಿಕೆ, ಅಂದರೆ ಕೃಷಿ ವಿಶ್ವವಿದ್ಯಾನಿಲಯದ ಗಾಂಧಿ ಕೃಷಿ ವಿಜ್ಞಾನ ಕೇಂದ್ರ. ಮಹಾರಾಣಿ ಕೆಂಪನಂಜಮ್ಮಣ್ಣಿಯವರು ಹೆಬ್ಬಾಳದಲ್ಲಿ 30 ಎಕರೆ ಕೊಟ್ಟು ಪ್ರಯೋಗದ ಹೊಲ ಮಾಡಿಸಿದ್ದು 1899ರಲ್ಲಿ. 1964ರಲ್ಲಿ ಕೃಷಿ ವಿಶ್ವವಿದ್ಯಾನಿಲಯ ಹುಟ್ಟಿತು. ಗಾಂಧಿ ಶತಮಾನೋತ್ಸವದ 1969ರಲ್ಲಿ ಅಲ್ಲಾಳಸಂದ್ರದ ಮಗ್ಗುಲಿಗೆ ಈ ಕೇಂದ್ರ ಬಂತು. ಸುತ್ತಲ ಹೊಲಗಳೆಲ್ಲ ಸೈಟುಗಳಾದರೂ ಇಲ್ಲಿ ರಾಗಿ ತೆನೆ ಇನ್ನೂ ತಲೆದೂಗುತ್ತದೆ. ರೈತರು ನಂಬಿ ಬಿತ್ತುವ ಜಿಪಿಯು-28 ರಾಗಿ ಈ ನೆಲದ್ದೇ. ಬೆಂಕಿ ರೋಗ ತಡೆದುಕೊಳ್ಳುವ ತಳಿ. ನವೆಂಬರಿನ ಕೃಷಿಮೇಳಕ್ಕೆ ನಾಡಿನ ಮೂಲೆಮೂಲೆಯ ರೈತರು ಬುತ್ತಿ ಕಟ್ಟಿಕೊಂಡು ಬರುತ್ತಾರೆ. ನಗರದ ಮಕ್ಕಳಿಗೆ ಅದನ್ನು ತೋರಿಸಲೇಬೇಕು.

ಇನ್ನು ಅವರೆ. ನಾಟಿ ಅವರೆ ಗಿಡ ಹಗಲು ಕಿರಿದಾದಾಗ ಮಾತ್ರ ಹೂ ಬಿಡುತ್ತದೆ. ಹಾಗಾಗಿ ಅದರ ಕಾಯಿ ಚಳಿಗಾಲದ್ದು. ಹಗಲಿನ ಉದ್ದಕ್ಕೆ ಜಗ್ಗದೆ ವರ್ಷವಿಡೀ ಕಾಯಿ ಬಿಡುವ ತಳಿಗಳನ್ನು ಈ ವಿಶ್ವವಿದ್ಯಾನಿಲಯದವರು ತಂದರು. ಹೆಬ್ಬಾಳ ಅವರೆ-3, ಹೆಬ್ಬಾಳ ಅವರೆ-4 ಎಂದು ಅವುಗಳ ಹೆಸರು. ರೈತನ ಕೈಗೆ ಹನ್ನೆರಡು ತಿಂಗಳೂ ಕಾಸು ಕಾಣಿಸುವ ಈ ಕೆಲಸವನ್ನು ನಾನು ಮನಸಾರೆ ಮೆಚ್ಚುತ್ತೇನೆ. ಆದರೆ ಸೊಗಡಿನ ವಿಚಾರಕ್ಕೆ ಬಂದರೆ ಮಾಗಿಯ ನಾಟಿ ಅವರೆಯ ಪರವೇ ನನ್ನ ವಾದ.

ಊಟಕ್ಕೆ ರಾಗಿಮುದ್ದೆ, ಹಿತಕಿದ ಬೇಳೆ ಸಾರು. ಕಾಳನ್ನು ನೆನೆಹಾಕಿ, ಒಂದೊಂದನ್ನೇ ಬೆರಳಲ್ಲಿ ಒತ್ತಿ ಸಿಪ್ಪೆಯಿಂದ ಬೇಳೆ ಬಿಡಿಸುವ ಕೆಲಸಕ್ಕೆ ಮನೆಮಂದಿಯೆಲ್ಲ ಸುತ್ತ ಕೂರಬೇಕು. ಕಾಯಿ, ಗಸಗಸೆ, ಚಕ್ಕೆ, ಲವಂಗ ರುಬ್ಬಿದ ಮಸಾಲೆ ಹದವಾಗಿರಲಿ, ಹೆಚ್ಚಾದರೆ ಬೇಳೆಯ ರುಚಿ ಸತ್ತುಹೋಗುತ್ತದೆ. ಮುದ್ದೆಗೆ ಹಿಟ್ಟಿನ ಕೋಲು ಹಾಕಿ ಗಂಟಿಲ್ಲದಂತೆ ತಿರುವಬೇಕು. ತುತ್ತು ಮುರಿದು, ಸಾರಲ್ಲಿ ಅದ್ದಿ, ಅಗಿಯದೆ ನುಂಗಬೇಕು.

ಹಿಂದಿರುಗುವಾಗ ರಸ್ತೆ ಬದಿಯಲ್ಲಿ ಅವರೆಕಾಯಿ ರಾಶಿ ಕಂಡರೆ ನಿಲ್ಲಿಸಿ. ತೂಕ ಹಾಕಿಸುವ ಮುಂಚೆ ನಾಲ್ಕು ಕಾಯಿ ಕೈಯಲ್ಲಿ ತಿಕ್ಕಿ ಮೂಸಿ ನೋಡಿ. ಬೆರಳಿಗೆ ಜಿಡ್ಡಿನಂತೆ ಸೊಗಡು ಅಂಟಿದರೆ ಧಾರಾಳವಾಗಿ ಕೊಳ್ಳಿ.