ಬೆರಳ ತುದಿಯ ವಿದ್ಯೆ



1961ರಿಂದ ಮೈಸೂರಿನಲ್ಲಿ ತಯಾರಾಗುತ್ತಿದ್ದ ಜಾವಾ ಟೂ-ಸ್ಟ್ರೋಕ್ ಬೈಕು. ಅದರ ಎಂಜಿನ್ನಿನಲ್ಲಿ ಇಂತಹ ವಾಲ್ವುಗಳೇ ಇರಲಿಲ್ಲ. 1955ರಲ್ಲಿ ಮದರಾಸಿನಲ್ಲಿ ಆರಂಭವಾದ ಎನ್‌ಫೀಲ್ಡ್ ಇಂಡಿಯಾದ ಬುಲೆಟ್ಟಿಗೆ ಎರಡು ವಾಲ್ವುಗಳು. ಆದ್ದರಿಂದ ಟ್ಯಾಪೆಟ್ ಪರೀಕ್ಷೆಯು ಬುಲೆಟ್ ಇದ್ದ ಮನೆಗಳ ವಿದ್ಯೆಯಾಯಿತು.

ಎಂಜಿನ್ ಪೂರ್ತಿ ತಣ್ಣಗಿರಬೇಕು. ಎರಡೂ ವಾಲ್ವುಗಳು ಮುಚ್ಚಿರುವಂತೆ ಪಿಸ್ಟನ್ನನ್ನು ಮೇಲಕ್ಕೆ ತಂದು, ಪುಷ್‌ರಾಡನ್ನು ಬೆರಳಿನಿಂದ ತಿರುಗಿಸಬೇಕು. ಅದು ಸರಾಗವಾಗಿ ತಿರುಗಬೇಕು. ಮೇಲೆ ಕೆಳಗೆ ಆಡಬಾರದು. ಬಿಗಿಯಾದರೆ ವಾಲ್ವು ಪೂರ್ತಿ ಮುಚ್ಚದೆ ಬಿಸಿ ಅನಿಲ ಸೋರಿ, ಅದರ ಅಂಚು ಸುಡುತ್ತದೆ. ಸಡಿಲಾದರೆ ಟಕಟಕ ಸದ್ದು.

2009ರ ಕ್ಲಾಸಿಕ್ 350ರಲ್ಲಿ ತೈಲದ ಒತ್ತಡದಿಂದ ತಾನೇ ಸರಿಹೊಂದುವ ಹೈಡ್ರಾಲಿಕ್ ಟ್ಯಾಪೆಟ್ ಬಂತು. ಹಳೆಯ ಬುಲೆಟ್ ಉಳಿಸಿಕೊಂಡವರು ಈ ವಿದ್ಯೆಯನ್ನು ಮಕ್ಕಳಿಗೆ ದಾಟಿಸಲಿ. ವಿಧಾನವನ್ನು ಪುಸ್ತಕ ಹೇಳೀತು. ಬಿಗಿತದ ಅಳತೆ ಬೆರಳಿಗೇ ತಿಳಿಯಬೇಕು.